ಒಂದು ದಿನವೂ ಶಾಲೆ ತಪ್ಪಿಸದ ಮಗುವಿಗೆ ಬಹುಮಾನ: ಠರಾವು ಬರೆಯುವ ಮುಂಚೆ ಒಂದು ಚರ್ಚೆ

ಕರಿಹಲಗೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 1ರಿಂದ 8, ಒಟ್ಟು 142 ಮಕ್ಕಳು. ಬಯಲುಸೀಮೆ, ಹತ್ತಿ, ಮೆಣಸಿನಕಾಯಿ ಬೆಳೆಯುವ ಊರು, ಮಂಗಳವಾರ ಸಂತೆ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ 10,000 ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. ಒಂದು ದಿನವೂ ಗೈರಾಗದ ಮಕ್ಕಳಿಗೆ ವಾರ್ಷಿಕೋತ್ಸವದ ವೇದಿಕೆಯ ಮೇಲೆ ಬಹುಮಾನ ಕೊಡಬೇಕು ಎನ್ನುವುದು ಅವರ ಆಸೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಆಗಬೇಕಿದೆ. ಕೊಡಬೇಕೆ? ಕೊಡುವುದಾದರೆ ಯಾವ ಅಳತೆಯಲ್ಲಿ? ಬೇಡವಾದರೆ ಆ ದುಡ್ಡನ್ನು ಹಾಜರಿಗೇ ಉಪಯೋಗ ಆಗುವಂತೆ ಎಲ್ಲಿ ಹಾಕಬೇಕು? “ಒಳ್ಳೆ ಕೆಲಸ, ಮಾಡಿ” ಅಂತಷ್ಟೇ ಬರೆದು ಹೋಗಬೇಡಿ, ಲೆಕ್ಕ ಸಮೇತ ಹೇಳಿ.

ಸೀಮೆಸುಣ್ಣ

ನೂರಕ್ಕೆ ನೂರು ಬಂದವರಿಗೆ ಮಾತ್ರ ಎನ್ನುವುದಾದರೆ ಬೇಡ.

ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ಹೇಳುವ ಕನಿಷ್ಠ ಕೆಲಸದ ದಿನಗಳು ಒಂದರಿಂದ ಐದನೇ ತರಗತಿಗೆ 200, ಆರರಿಂದ ಎಂಟಕ್ಕೆ 220. ಜೂನ್ ಎರಡನೇ ವಾರದಲ್ಲಿ ಒಂದು ಮಗು ಜ್ವರ ಬಂದು ಎರಡು ದಿನ ಮಲಗಿತು ಎನ್ನಿ. ಅದರ ಪಾಲಿಗೆ ಬಹುಮಾನ ಅಲ್ಲಿಗೇ ಮುಗಿಯಿತು. ಮುಂದಿನ ಒಂಬತ್ತು ತಿಂಗಳು ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮಳೆಗಾಲ ಮುಗಿಯುವ ಹೊತ್ತಿಗೆ ಈ ಪಂದ್ಯದಲ್ಲಿ ಉಳಿಯುವವರು ಬೆರಳೆಣಿಕೆ ಮಕ್ಕಳು. ಅವರು ಬಹುಮಾನ ಇಲ್ಲದಿದ್ದರೂ ಬರುವವರೇ.

ಹಾಜರಿ ಪುಸ್ತಕ ತೆಗೆದು ಮಕ್ಕಳನ್ನು ಹೀಗೆ ವಿಂಗಡಿಸಿ ನೋಡಿ. 220ರಲ್ಲಿ ಐದು ದಿನದ ಒಳಗೆ ಬಿಟ್ಟವರು. ಆರರಿಂದ 21 ದಿನ ಬಿಟ್ಟವರು. 22 ಮತ್ತು ಅದಕ್ಕೂ ಹೆಚ್ಚು ಬಿಟ್ಟವರು. 22 ಅಂದರೆ ಹತ್ತನೇ ಒಂದು ಭಾಗ. ಪರೀಕ್ಷೆಯಲ್ಲಿ 90 ಬಂದರೆ ಮನೆಯಲ್ಲಿ ಸಿಹಿ ಮಾಡುತ್ತಾರೆ; ಹಾಜರಿ ಶೇ 90 ಎಂದರೆ ಹೆಚ್ಚುಕಡಿಮೆ ಒಂದು ತಿಂಗಳ ಪಾಠವೇ ಕೈಬಿಟ್ಟಿದೆ ಅಂತ. ಇದು ಪೋಷಕರಿಗಿರಲಿ, ನಮಗೇ ಹೊಳೆಯುವುದಿಲ್ಲ. ಇನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಬೇಕಾದ ಶೇ 75ರ ಗೆರೆಯೂ ನಮ್ಮನ್ನು ದಾರಿ ತಪ್ಪಿಸುತ್ತದೆ. 220ರಲ್ಲಿ 165 ದಿನ ಬಂದರೆ ಸಾಕು, 55 ದಿನ ಬಿಡಬಹುದು ಎಂಬ ಲೆಕ್ಕ ಅದು. ಪರೀಕ್ಷೆಗೆ ಕೂರಿಸುವ ಗೆರೆ ಬೇರೆ, ಕಲಿಯುವ ಗೆರೆ ಬೇರೆ.

ನೀವು ದುಡ್ಡು ಹಾಕಲು ಹೊರಟಿರುವುದು ಮೊದಲ ಗುಂಪಿಗೆ, ತೊಂದರೆ ಇರುವುದು ಮೂರನೆಯದರಲ್ಲಿ.

ಎರಿಮಣ್ಣು

ಸೀಮೆಸುಣ್ಣ ಸರ್, ಲೆಕ್ಕ ಖರೇನೇ ಅದ. ಆದ್ರ ಒಂದು ಮಾತು ಬಿಟ್ಟೀರಿ. ಶಾಲ್ಯಾಗ ಬಹುಮಾನ ಅಂದ್ರ ಮಾರ್ಕ್ಸಿಗೆ, ಓಟಕ್ಕ, ಭಾಷಣಕ್ಕ. ವರ್ಷಾ ಅದೇ ಐದಾರು ಹುಡುಗರು ಸ್ಟೇಜ್ ಹತ್ತತಾರ. ಹಿಂದಿನ ಸಾಲಿನ ಹುಡುಗಗೂ ಸಿಗೂವಂಥ ಬಹುಮಾನ ಅಂದ್ರ ಹಾಜರಿದು ಒಂದೇ. ಅವಗ ಭಾಗಾಕಾರ ಬರಂಗಿಲ್ಲ, ಓಡಾಕ ಆಗಂಗಿಲ್ಲ, ಆದ್ರ ದಿನಾ ಬಂದು ಕುಂದರತಾನ. ಅದನ್ನ ಯಾರೂ ಗುರುತಸೂದ ಬ್ಯಾಡೇನ್ರಿ?

ಮತ್ತ, ಮನ್ಯಾಗಿನ ಮಾತು. “ಇವತ್ತೊಂದಿನ ಇರವಲ್ಲಾಕ, ಹತ್ತಿ ಬಿಡಸಾಕ ಬರ್ಲಿ” ಅಂತ ಅಪ್ಪ ಅಂದಾಗ, “ಇಲ್ಲಪಾ, ನನ್ನ ಬಹುಮಾನ ಹೋಗತದ” ಅನ್ನಾಕ ಹುಡುಗನ ಕಡೆ ಒಂದು ನೆವಾ ಇರತದ. ಸಣ್ಣ ಹುಡುಗರು ದೊಡ್ಡವರ ಮುಂದ “ಕಲಿಯಾಕ ಹೋಗ್ತೀನಿ” ಅಂದ್ರ ನಡಿಯಂಗಿಲ್ಲ, “ಬಹುಮಾನ ಐತಿ” ಅಂದ್ರ ನಡೀತದ.

ಅಂಕಿಸಂಖ್ಯೆ

ಎರಿಮಣ್ಣು ಅವರ ಎರಡನೆಯ ಮಾತು ಗಟ್ಟಿಯಾದದ್ದು. ಆದರೆ ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 14 ಶಾಲಾ ಜಿಲ್ಲೆಗಳ, 6ರಿಂದ 12ನೇ ತರಗತಿಯ 15,329 ಮಕ್ಕಳ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಹಿಂದೆ ಒಂದು ತಿಂಗಳಾದರೂ ತಪ್ಪದೆ ಬಂದ ಮಕ್ಕಳನ್ನೇ ಆರಿಸಿ ಮೂರು ಪಾಲು ಮಾಡಿದರು. ಒಂದು ಪಾಲಿಗೆ “ಮುಂದಿನ ತಿಂಗಳು ಪೂರ್ತಿ ಬಂದರೆ ಪ್ರಶಸ್ತಿ” ಎಂಬ ಪತ್ರ. ಇನ್ನೊಂದಕ್ಕೆ “ಆ ತಿಂಗಳು ಪೂರ್ತಿ ಬಂದಿದ್ದೀಯ, ತಗೋ ಪ್ರಶಸ್ತಿ” ಎಂದು ಮೊದಲೇ ತಿಳಿಸದೆ ಕೊಟ್ಟ ಪ್ರಶಸ್ತಿ. ಮೂರನೆಯದಕ್ಕೆ ಏನೂ ಇಲ್ಲ. ಮುಂಚೆ ತಿಳಿಸಿದ ಪ್ರಶಸ್ತಿಯಿಂದ ಸರಾಸರಿ ಹಾಜರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ತಿಳಿಸದೆ ಕೊಟ್ಟ ಪ್ರಶಸ್ತಿ ಪಡೆದವರು ಮುಂದಿನ ತಿಂಗಳು ಇನ್ನೂ ಹೆಚ್ಚು ಗೈರಾದರು. ಕಾರಣವನ್ನೂ ಕೆದಕಿದ್ದಾರೆ. “ನೀನು ಬೇರೆಯವರಿಗಿಂತ ಹೆಚ್ಚು ಬಂದಿದ್ದೀಯ, ಶಾಲೆ ಬಯಸಿದ್ದಕ್ಕಿಂತಲೂ ಹೆಚ್ಚು ಬಂದಿದ್ದೀಯ” ಎಂಬ ಅರ್ಥ ಆ ಪ್ರಶಸ್ತಿಯಿಂದ ಮಗುವಿಗೆ ತಲುಪಿತು. ಹಾಗಾದರೆ ಇನ್ನೊಂದೆರಡು ದಿನ ಬಿಟ್ಟರೂ ನಡೆಯುತ್ತದೆ ಎಂದಾಯಿತಲ್ಲ.

ಅದು ಬೇರೆ ದೇಶ, ದೊಡ್ಡ ಮಕ್ಕಳು ಅನ್ನಬಹುದು. ನಮ್ಮ ದೇಶದ ಕೊಳೆಗೇರಿಗಳ ಅನೌಪಚಾರಿಕ ಶಾಲೆಗಳಲ್ಲೂ ಇಂಥ ಪ್ರಯೋಗ ಆಗಿದೆ, 2016ರಲ್ಲಿ ಪ್ರಕಟವಾಗಿದೆ. ಇಂತಿಷ್ಟು ದಿನ ಬಂದರೆ ಸಣ್ಣ ಬಹುಮಾನ ಎಂಬ ಏರ್ಪಾಡು. ಅದು ಜಾರಿಯಲ್ಲಿದ್ದಷ್ಟು ದಿನ ಹಾಜರಿ ಏರಿತು. ನಿಂತ ಮೇಲೆ, ಮೊದಲಿಂದ ಚೆನ್ನಾಗಿ ಬರುತ್ತಿದ್ದ ಮಕ್ಕಳು ಇದ್ದ ಹಾಗೇ ಇದ್ದರು. ಮೊದಲಿಂದಲೂ ಕಡಿಮೆ ಬರುತ್ತಿದ್ದ ಮಕ್ಕಳ ಹಾಜರಿ ಮಾತ್ರ ಮುಂಚಿಗಿಂತ ಕೆಳಗೆ ಇಳಿಯಿತು. ಅವರ ಅಂಕ ಇಳಿಯಿತು, ಪಾಠದ ಮೇಲಿನ ಆಸೆ ಮತ್ತು ತಮ್ಮ ಮೇಲಿನ ನಂಬಿಕೆಯೂ ಕುಗ್ಗಿತ್ತು.

ದಾನಿಗಳು ಎರಡು ವರ್ಷ ಕೊಟ್ಟು ಮೂರನೇ ವರ್ಷ ನಿಲ್ಲಿಸುವುದು ನಮ್ಮಲ್ಲಿ ಹೊಸದಲ್ಲ. ನಿಂತಾಗ ಪೆಟ್ಟು ಬೀಳುವುದು ಯಾರಿಗೆ ಎಂದು ಯೋಚಿಸಿ.

ಬಿಳಿಕೋಟು

ಆರೋಗ್ಯದ ಕಡೆಯಿಂದ. ನೂರಕ್ಕೆ ನೂರು ಬಹುಮಾನದ ನೇರ ಪರಿಣಾಮ ಏನೆಂದರೆ, ಮನೆಯಲ್ಲಿರಬೇಕಾದ ಮಗು ಶಾಲೆಗೆ ಬರುತ್ತದೆ.

ಚಿಕನ್‌ಪಾಕ್ಸ್ ಆದರೆ (ಊರ ಕಡೆ ಅಮ್ಮ ಅನ್ನುತ್ತಾರೆ) ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆಯಲ್ಲಿ, ಸಾಮಾನ್ಯವಾಗಿ ಐದಾರು ದಿನ. ದಡಾರ: ಮೈಮೇಲೆ ಗಂದೆ ಎದ್ದ ಮೇಲೆ ನಾಲ್ಕು ದಿನ. ಮಂಗನಬಾವು: ಕೆನ್ನೆ ಊದಿದ ಮೇಲೆ ಐದು ದಿನ. ಜ್ವರ: ಮಾತ್ರೆಯ ನೆರವಿಲ್ಲದೆ 24 ಗಂಟೆ ಜ್ವರ ಬರಬಾರದು. ಬೆಳಿಗ್ಗೆ ಪ್ಯಾರಾಸಿಟಮಾಲ್ ನುಂಗಿಸಿ ಕಳಿಸಿದ ಮಗುವಿಗೆ ಹನ್ನೊಂದು ಗಂಟೆಗೆ ಮತ್ತೆ ಮೈ ಸುಡುತ್ತದೆ. ಅಷ್ಟರೊಳಗೆ ಪಕ್ಕದಲ್ಲಿ ಕೂತ ಮೂವರಿಗೆ ಹಂಚಿ ಆಗಿರುತ್ತದೆ. ಒಂದು ಮಗುವಿನ ಬಹುಮಾನಕ್ಕೆ ಒಂದು ತರಗತಿಯ ಹತ್ತು ದಿನ ಹೋಯಿತು.

ಇನ್ನೊಂದು. ತಲಸ್ಸೇಮಿಯಾ ಇರುವ ಮಗು ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲೇಬೇಕು. ಶಾಲಾ ವರ್ಷದಲ್ಲಿ ಹತ್ತರಿಂದ ಹದಿನಾಲ್ಕು ದಿನ ಅಲ್ಲಿಗೆ ಹೋಗುತ್ತದೆ. ತಲಸ್ಸೇಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರಕ್ತಹೀನತೆ ಮೂರೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿವೆ. ಆ ಮಗುವನ್ನು ಜೂನ್ ಒಂದರಂದೇ ಹೊರಗಿಡುವ ಬಹುಮಾನಕ್ಕೆ ಎಸ್‌ಡಿಎಂಸಿ ಸಹಿ ಹಾಕಬಾರದು.

ಕರಿಹಲಗೆ

ವೈದ್ಯರ ಚೀಟಿ ತಂದವರಿಗೆ ವಿನಾಯಿತಿ ಕೊಟ್ಟರೆ?

ಬಿಳಿಕೋಟು

ಚೀಟಿ ತರಬಲ್ಲವರು ಯಾರು? ಸ್ಕೂಟರ್ ಇರುವ ಅಪ್ಪಂದಿರು. ಎರಡು ದಿನದ ನೆಗಡಿ ಜ್ವರಕ್ಕೆ ಕೂಲಿ ಬಿಟ್ಟು, ಬಸ್ ಹಿಡಿದು, ಆಸ್ಪತ್ರೆಯಲ್ಲಿ ಸಾಲು ನಿಂತು ಚೀಟಿ ತರುವವರು ಯಾರೂ ಇಲ್ಲ, ತರಬೇಕಾಗಿಯೂ ಇಲ್ಲ.

ಚೀಟಿಯ ಬದಲು ಶಾಲೆಯಲ್ಲಿ ಆಗುವ ಎರಡು ಕೆಲಸ ಸರಿಯಾಗಿ ಆಗಲಿ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ: 5ರಿಂದ 9 ವರ್ಷದವರಿಗೆ ಗುಲಾಬಿ (45 ಮಿ.ಗ್ರಾಂ ಕಬ್ಬಿಣ), 10 ದಾಟಿದವರಿಗೆ ನೀಲಿ (60 ಮಿ.ಗ್ರಾಂ). ಬಿಸಿಯೂಟ ಆದ ಮೇಲೆಯೇ ಕೊಡಿ. ಪ್ರಾರ್ಥನೆ ಮುಗಿದ ಕೂಡಲೇ ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳೆಸುತ್ತದೆ, ಮುಂದಿನ ವಾರ ಮಾತ್ರೆಯ ದಿನವೇ ಮಕ್ಕಳು ಗೈರು. ಹಾಜರಿ ಪುಸ್ತಕದಲ್ಲಿ ವಾರದ ಒಂದೇ ದಿನ ಕುಸಿತ ಕಂಡರೆ ಸಂತೆಯ ಜೊತೆಗೆ ಇದನ್ನೂ ನೋಡಿ. ಇನ್ನೊಂದು ಜಂತುಹುಳದ ಮಾತ್ರೆ, ಅಲ್ಬೆಂಡಜೋಲ್ 400 ಮಿ.ಗ್ರಾಂ, ವರ್ಷಕ್ಕೆರಡು ಸಲ. ಜಗಿದು ನುಂಗಬೇಕು, ಅಂದು ಹುಷಾರಿಲ್ಲದ ಮಗುವಿಗೆ ಕೊಡಬಾರದು. ಹುಳದ ಬಾಧೆ ಬಹಳ ಇದ್ದ ಕೀನ್ಯಾದ ಬುಸಿಯಾ ಪ್ರದೇಶದಲ್ಲಿ ಶಾಲೆಗಳಲ್ಲಿ ಇದನ್ನು ಕೊಟ್ಟಾಗ ಗೈರು ಸುಮಾರು ಕಾಲು ಭಾಗ ಇಳಿದ ವರದಿ 2004ರದು. ನಮ್ಮಲ್ಲಿ ಬಾಧೆ ಅಷ್ಟಿಲ್ಲದ ಕಡೆ ಅಷ್ಟೇ ಫಲ ಸಿಗುತ್ತದೆ ಎನ್ನಲಾರೆ, ಆದರೆ ಶಾಲೆಗೆ ಖರ್ಚಂತೂ ಇಲ್ಲ.

ಅಕ್ಕಿಮೂಟೆ

ಯಾರೂ ಹೇಳದ ವಿಷಯ: ಬಹುಮಾನ ಬಂದ ಕೂಡಲೇ ಹಾಜರಿ ಪುಸ್ತಕ ಸುಳ್ಳು ಹೇಳಲು ಶುರು ಮಾಡುತ್ತದೆ.

ಬೆಳಿಗ್ಗೆ ಒಂದು ಓರೆ ಗೀಟು, ಮಧ್ಯಾಹ್ನ ಅದರ ಮೇಲೆ ಅಡ್ಡ ಗೀಟು. ಮಗು ಒಂಬತ್ತು ತಿಂಗಳು ತಪ್ಪದೆ ಬಂದಿದೆ, ಮಾರ್ಚಿನಲ್ಲಿ ಒಂದು ದಿನ ಇಲ್ಲ. “ಪಾಪ, ಒಂದೇ ದಿನ ತಾನೇ” ಎಂದು ಗೀಟು ಎಳೆಯದ ಮೇಷ್ಟ್ರು ಕಲ್ಲುಹೃದಯದವರೇ ಇರಬೇಕು. ಬಹುಮಾನವನ್ನು ತರಗತಿಗೆ ಕೊಟ್ಟರೆ ಇನ್ನೂ ಕಷ್ಟ, ಆಗ ಶಿಕ್ಷಕರ ಮರ್ಯಾದೆಯೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ತಾಳೆ ನೋಡುವ ದಾರಿ ಇದೆ. ಬಿಸಿಯೂಟದ ಅಕ್ಕಿ 1ರಿಂದ 5ಕ್ಕೆ ಮಗುವೊಂದಕ್ಕೆ 100 ಗ್ರಾಂ, 6ರಿಂದ 8ಕ್ಕೆ 150 ಗ್ರಾಂ. ಕೆಳಗಿನ ತರಗತಿಗಳಲ್ಲಿ ದಿನಕ್ಕೆ 20 ಹೆಸರು ಸುಮ್ಮನೆ ಹಾಜರಿ ಎಂದು ಬಿದ್ದರೆ ದಿನಕ್ಕೆ ಎರಡು ಕೆ.ಜಿ., 24 ದಿನಕ್ಕೆ 48 ಕೆ.ಜಿ. ಅಂದರೆ ತಿಂಗಳಿಗೆ ಹತ್ತಿರ ಹತ್ತಿರ ಒಂದು ಮೂಟೆ ಅಕ್ಕಿ ಪುಸ್ತಕದಲ್ಲಿ ಖರ್ಚಾಗಿ ಕೋಣೆಯಲ್ಲಿ ಉಳಿದಿರುತ್ತದೆ, ಇಲ್ಲವೇ ಕೋಣೆಯಲ್ಲೂ ಇರುವುದಿಲ್ಲ. ಹಾಲಿನಪುಡಿಗೂ ಇದೇ ಲೆಕ್ಕ: ಮಗುವಿಗೆ 18 ಗ್ರಾಂ ಪುಡಿ, 150 ಮಿ.ಲೀ. ಹಾಲು. ಅಡುಗೆಯವರು ತಟ್ಟೆ ಎಣಿಸಿ ಹೇಳುವ ಸಂಖ್ಯೆಯನ್ನು ತರಗತಿಯ ಹಾಜರಿಗೆ ತಿಂಗಳಲ್ಲಿ ನಾಲ್ಕು ದಿನ, ಮುಂಚೆ ಹೇಳದೆ, ಹೋಲಿಸಿ ನೋಡಿದರೆ ಸಾಕು.

ಊಟ ಮುಗಿಸಿ ಜಾಗ ಖಾಲಿ ಮಾಡುವವರೂ ಇರುತ್ತಾರೆ. ಮಧ್ಯಾಹ್ನದ ಗೀಟನ್ನು ಬೆಳಿಗ್ಗೆಯೇ ಎಳೆದಿಡುವ ಅಭ್ಯಾಸ ಇರುವ ಶಾಲೆಯಲ್ಲಿ ಇವರು ಕಣ್ಣಿಗೇ ಬೀಳುವುದಿಲ್ಲ. ಅಂಥ ಪುಸ್ತಕದ ಮೇಲೆ ಎಂಥ ಬಹುಮಾನ ಕೊಟ್ಟರೂ ಒಂದೇ.

ಎರಿಮಣ್ಣು

ಅಕ್ಕಿಮೂಟೆ ಸರ್, ಹೊಡದ್ರಲ್ಲ ಮ್ಯಾಲೆ. ಒಪ್ಪಿದೆ.

ಕರಿಹಲಗೆ ಸರ್, ನಿಮ್ಮೂರ ಗೈರು ಎಂಥಾದ್ದು ಅಂತ ಮೊದ್ಲ ನೋಡ್ರಿ. ಎಲ್ಲಾ ಗೈರು ಒಂದೇ ಅಲ್ಲ. ಸಂತಿ ಗೈರು ಮಂಗಳವಾರಕ್ಕೊಮ್ಮೆ ಬರತದ, ಅವ್ವ ಸಂತಿಗೆ ಹೋದ್ರ ದೊಡ್ಡ ಹುಡಗಿ ಮನಿ ಕಾಯಬೇಕು. ಜಾತ್ರಿ ಗೈರು ವರ್ಷಕ್ಕೊಮ್ಮೆ ಮೂರು ದಿನ, ಅದನ್ನ ಯಾರೂ ತಪ್ಪಸಾಕ ಆಗಂಗಿಲ್ಲ. ಆ ದಿನಾ ಕಿರುಪರೀಕ್ಷೆ ಇಡಬ್ಯಾಡ್ರಿ, ಅಷ್ಟ. ಹತ್ತಿ ಬಿಡಸೂದು ಅಕ್ಟೋಬರ್‌ದಿಂದ ಹಿಡದು ಮೂರ್ನಾಕು ತಿಂಗಳು, ಆಮ್ಯಾಲೆ ಮೆಣಸಿನಕಾಯಿ. ಈ ಗೈರು ವಾರದಾಗ ಎರಡು ಮೂರು ದಿನ, ಬಿಟ್ಟು ಬಿಟ್ಟು. ಹುಡುಗರ ಕೈ ಸಣ್ಣ, ಕಾಯಿ ಬಿಡಸಾಕ ಚಲೋ ಅಂತಾರ; ಕೂಲಿನೂ ಬರತದ.

ಗುಳೆ ಬ್ಯಾರೇನೇ. ಬೆಂಗಳೂರು, ಮುಂಬೈ, ಗೋವಾ ಅಂತ ಮನಿಗೆ ಕೀಲಿ ಹಾಕ್ಕೊಂಡು ಹೋಗ್ತಾರ. ಆ ಹುಡುಗಗ ನಿಮ್ಮ ಬಹುಮಾನದ ಟಿಫಿನ್ ಡಬ್ಬಿ ಏನೂ ಮಾಡಂಗಿಲ್ಲ. ಹೋಗೂ ಮುಂಚೆ ಯಾವ ಊರು, ಯಾವ ಮೇಸ್ತ್ರಿ ಅಂತ ಬರಕೋರಿ, ಅಲ್ಲಿ ಶಾಲಿಗೆ ಸೇರಸಾಕ ಕಾಗದಪತ್ರ ಕೊಡ್ರಿ. ಅಜ್ಜಿ ಮನ್ಯಾಗ ಬಿಟ್ಟು ಹೋಗತೇವಿ ಅಂದ್ರ ಅಜ್ಜಿ ಕಡೆ ಮಾತಾಡ್ರಿ. ಊರಾಗ ಗುಳೆ ಬಹಳ ಇದ್ರ ಸೀಸನಲ್ ಹಾಸ್ಟೆಲ್ ಬೇಕಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಮಳಿಗಾಲದಾಗ ಹೋಗಬೇಕು, ಮಂದಿ ಹೋದ ಮ್ಯಾಲೆ ಬರದ್ರ ಏನೂ ಉಪಯೋಗಿಲ್ಲ.

ಗೊರಬು

ಮಲೆನಾಡಿಗೂ ಎರಡು ಸಾಲು. ಜುಲೈ–ಆಗಸ್ಟ್‌ನಲ್ಲಿ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ಯಾರಿಗೂ ಗೈರು ಇಲ್ಲ. ರಜೆ ಕೊಡದ ದಿನ ಕಾಲುಸಂಕದಾಚೆಯ ಮಕ್ಕಳಿಗೆ ಮಾತ್ರ ಗೈರು. ಪೇಟೆಯ ಮಗು ಆರಾಮಾಗಿ ಬಂದು ಬಹುಮಾನ ತಗೊಂಡು ಹೋಗುತ್ತದೆ. ಹಳ್ಳ ತುಂಬಿದಾಗಲೂ ದಾಟಿಕೊಂಡು ಬಾ ಎಂದು ಹೇಳುವ ಬಹುಮಾನ ಯಾರಿಗೂ ಬೇಡ ಮಾರಾಯ್ರೆ.

ಹೊಂಗೆನೆರಳು

ಆರು, ಏಳು, ಎಂಟನೇ ತರಗತಿಯ ಹೆಣ್ಣುಮಕ್ಕಳ ಸಾಲನ್ನು ಬೇರೆಯಾಗಿ ಓದಿ. ತಿಂಗಳಿಗೆ ಎರಡು ಮೂರು ದಿನ, ಒಟ್ಟಾಗಿ, ಸುಮಾರು ನಾಲ್ಕು ವಾರದ ಅಂತರದಲ್ಲಿ ಗೈರು ಇದ್ದರೆ ಕಾರಣ ಕೇಳುವ ಅಗತ್ಯವಿಲ್ಲ. ವರ್ಷಕ್ಕೆ ಅದೇ 20–25 ದಿನ ಆಗುತ್ತದೆ. ನೂರಕ್ಕೆ ನೂರರ ಬಹುಮಾನ ಈ ಮಕ್ಕಳಿಗೆ ಎಂದೂ ಬರುವುದಿಲ್ಲ. ಬರಲಿಲ್ಲ ಯಾಕೆ ಎಂದು ವೇದಿಕೆ ಮುಂದೆ ಕೂತ ಇಡೀ ಊರು ಊಹಿಸುತ್ತದೆ, ಅದು ಬೇರೆ.

ಬೇಕಾದದ್ದು ಒಳಗಿನಿಂದ ಹಾಕಿಕೊಳ್ಳಲು ಬರುವ ಚಿಲಕ, ಬಕೆಟ್ಟಿನಲ್ಲಿ ನೀರು, ಮುಚ್ಚಳ ಇರುವ ಕಸದ ಬುಟ್ಟಿ, ಕೇಳದೆಯೇ ತೆಗೆದುಕೊಳ್ಳಬಹುದಾದ ಜಾಗದಲ್ಲಿ ಪ್ಯಾಡ್. ಸರ್ಕಾರದ ‘ಶುಚಿ’ ಯೋಜನೆಯ ಪ್ಯಾಡ್ ಬಂದಾಗ ಅದು ಮುಖ್ಯ ಶಿಕ್ಷಕರ ಬೀರುವಿನೊಳಗೆ ಬೀಗದಲ್ಲಿದ್ದರೆ ಬಂದೂ ಬಾರದಂತೆ. ಏಳನೇ ತರಗತಿಯ ಹುಡುಗಿ ಗಂಡು ಮೇಷ್ಟ್ರ ಹತ್ತಿರ ಹೋಗಿ ಕೇಳುವುದಿಲ್ಲ.

ದುಡ್ಡಿನ ಪ್ರೋತ್ಸಾಹ ಎನ್ನುವವರು ಪಕ್ಕದ ಮಹಾರಾಷ್ಟ್ರವನ್ನು ನೋಡಲಿ. ಅಲ್ಲಿ ಕೆಲವು ವರ್ಗಗಳ ಪ್ರಾಥಮಿಕ ಶಾಲೆಯ ಹುಡುಗಿಯರಿಗೆ ಶೇ 75 ಹಾಜರಿ ಇದ್ದರೆ ದಿನಕ್ಕೊಂದು ರೂಪಾಯಿ ಎಂದು 1992ರಲ್ಲಿ ಶುರುವಾದದ್ದು ದಶಕಗಳ ಕಾಲ ಅದೇ ಒಂದು ರೂಪಾಯಿಯಾಗಿಯೇ ಉಳಿಯಿತು. ವರ್ಷಪೂರ್ತಿ ಬಂದರೂ 220 ರೂಪಾಯಿ. ಒಂದು ದಿನದ ಕೂಲಿಗೂ ಸಮ ಬಾರದ ದುಡ್ಡು ಯಾರನ್ನೂ ಹೊಲದಿಂದ ಶಾಲೆಗೆ ಕರೆತರುವುದಿಲ್ಲ.

ಸೀಮೆಸುಣ್ಣ

ಬಹುಮಾನದ ಬದಲು ಏನು ಎಂದು ಕೇಳಿದಿರಿ. ದುಡ್ಡು ಬೇಡದ ಕೆಲಸ, ಆದರೆ ತಪ್ಪದೆ ಆಗಬೇಕು.

ಜೂನ್ ಕೊನೆಯ ಶನಿವಾರ ಹಾಜರಿ ಪುಸ್ತಕ ಹಿಡಿದು ಕೂರಿ. ಮೊದಲ ತಿಂಗಳಲ್ಲೇ ಮೂರು ದಿನಕ್ಕಿಂತ ಹೆಚ್ಚು ಬಿಟ್ಟವರ ಹೆಸರನ್ನು ಒಂದು ಬೇರೆ ನೋಟ್‌ಬುಕ್ಕಿಗೆ ಇಳಿಸಿ. ಅಸಲು ಪುಸ್ತಕದಲ್ಲಿ ಬಣ್ಣದ ಗುರುತು, ಟಿಪ್ಪಣಿ ಏನೂ ಬೇಡ, ಅದು ಸರ್ಕಾರಿ ದಾಖಲೆ. 142 ಮಕ್ಕಳಲ್ಲಿ ಈ ಪಟ್ಟಿ 15–20 ದಾಟಿದರೆ ಕಾರಣ ಮಕ್ಕಳಲ್ಲಿ ಹುಡುಕಬೇಡಿ, ಬಸ್ಸು, ದಾರಿ, ನೀರು, ಶಾಲೆಯಲ್ಲೇ ಹುಡುಕಿ. ಪ್ರತಿ ಹೆಸರಿನ ಮುಂದೆ ಯಾವ ವಾರ, ಯಾವ ದಿನ ಎಂದು ಬರೆಯಿರಿ. ಸೋಮವಾರ ಮಾತ್ರ ಗೈರಾದರೆ ಒಂದು ಕಥೆ, ಮಂಗಳವಾರ ಇನ್ನೊಂದು, ಗಣಿತದ ಕಿರುಪರೀಕ್ಷೆಯ ದಿನವೇ ಆದರೆ ಮತ್ತೊಂದು. ಒಂದೇ ಮನೆಯ ಅಕ್ಕ–ತಮ್ಮ ಒಟ್ಟಿಗೆ ಗೈರಾದರೆ ಮನೆಯ ಕಾರಣ. ಅಕ್ಕ ಮಾತ್ರ ಗೈರಾದರೆ ಅಂದು ಅಂಗನವಾಡಿ ತೆರೆದಿತ್ತೇ ಎಂದು ಕೇಳಿ, ಮಗು ನೋಡಿಕೊಳ್ಳಲು ಉಳಿದಿರುತ್ತಾಳೆ.

ಗೈರಾದ ಎರಡನೇ ದಿನ ಬೆಳಿಗ್ಗೆ ಹನ್ನೊಂದರೊಳಗೆ ಒಂದು ಫೋನು. ಸಂಜೆ ಮಾಡಿದರೆ ಆ ದಿನವೂ ಹೋಯಿತು. “ಯಾಕೆ ಕಳಿಸಿಲ್ಲ?” ಎಂದು ಶುರು ಮಾಡಿದರೆ ಮುಂದಿನ ಸಲ ಫೋನೇ ಎತ್ತುವುದಿಲ್ಲ. “ನಿನ್ನೆ ಕಾಣಲಿಲ್ಲ, ಹುಷಾರಿದ್ದಾನಾ? ನಾಳೆ ಬಂದರೆ ಬಿಟ್ಟುಹೋದ ಪಾಠ ನಾನು ಹೇಳಿಕೊಡ್ತೀನಿ” ಎಂದರೆ ಸಾಕು. ನಾಲ್ಕನೇ ದಿನವೂ ಬಾರದಿದ್ದರೆ ಮನೆಗೆ ಹೋಗಬೇಕು. ಬೆಳಿಗ್ಗೆ ಹೋದರೆ ಬೀಗ. ಸಂಜೆ ಆರರ ಮೇಲೆ, ಕೂಲಿಯಿಂದ ಬಂದ ಮೇಲೆ ಹೋಗಿ. ಮೇಷ್ಟ್ರ ಜೊತೆಗೆ ಅದೇ ಕೇರಿಯ ಎಸ್‌ಡಿಎಂಸಿ ಸದಸ್ಯರೊಬ್ಬರು ಇರಲಿ.

ಬಂದ ದಿನ ಏನಾಗುತ್ತದೆ ಎನ್ನುವುದೇ ಮುಖ್ಯ. ಐದು ದಿನ ಬಿಟ್ಟು ಬಂದ ಮಗುವನ್ನು “ಓಹೋ, ದೊಡ್ಡ ಸಾಹೇಬರು ಬಂದರು” ಎಂದು ನಗಾಡಿದರೆ ಆರನೇ ದಿನ ಅದು ಬರುವುದಿಲ್ಲ. ಪ್ರಾರ್ಥನೆ ಹೊತ್ತಿನಲ್ಲಿ ಗೈರಾದವರ ಹೆಸರು ಓದುವುದು, ನಿಲ್ಲಿಸುವುದು ಕೆಲವೆಡೆ ಇನ್ನೂ ಇದೆ. ಆರ್‌ಟಿಇಯ 17ನೇ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬಿಟ್ಟ ಪಾಠಕ್ಕೆ ದಿನಕ್ಕೆ 15 ನಿಮಿಷ, ಮೂರು ದಿನ, ಪಕ್ಕದ ಮಗುವಿನ ನೋಟ್‌ಬುಕ್ ಜೊತೆ ಕೂರಿಸಿ. ಮೂರು ದಿನದ ಗೈರು ಮೂವತ್ತಾಗುವುದು ಬಹಳ ಸಲ ಹೀಗೆಯೇ: ಮೊದಲು ಜ್ವರಕ್ಕೆ ಉಳಿಯುತ್ತದೆ, ಆಮೇಲೆ ಪಾಠ ಅರ್ಥವಾಗದ ನಾಚಿಕೆಗೆ ಉಳಿಯುತ್ತದೆ.

ಅಂಕಿಸಂಖ್ಯೆ

ಇದಕ್ಕೆ ಒಂದು ಸೇರಿಸಿ. ಪೋಷಕರಿಗೆ ತಮ್ಮ ಮಗು ಒಟ್ಟು ಎಷ್ಟು ದಿನ ಬಿಟ್ಟಿದೆ ಎಂಬ ಅಂದಾಜೇ ಇರುವುದಿಲ್ಲ, ಕಡಿಮೆ ಅಂದುಕೊಂಡಿರುತ್ತಾರೆ. ಫಿಲಡೆಲ್ಫಿಯಾದಲ್ಲಿ ಒಟ್ಟು ಗೈರಿನ ಸಂಖ್ಯೆಯನ್ನು ಮನೆಗೆ ಅಂಚೆಯಲ್ಲಿ ಕಳಿಸಿದ ಪ್ರಯೋಗದಲ್ಲಿ ದೀರ್ಘ ಗೈರಿನ ಮಕ್ಕಳ ಸಂಖ್ಯೆ ಶೇ 10ಕ್ಕೂ ಹೆಚ್ಚು ಇಳಿಯಿತು (2018ರ ವರದಿ). ನಮ್ಮಲ್ಲಿ ಅಂಚೆ ಬೇಡ, ಕೈಚೀಟಿ ಸಾಕು. “ಜೂನ್‌ನಿಂದ ಇಲ್ಲಿಯವರೆಗೆ ಶಾಲೆ ನಡೆದದ್ದು 58 ದಿನ, ನಿಮ್ಮ ಮಗ ಬಾರದಿದ್ದದ್ದು 11 ದಿನ.” ಅಷ್ಟೇ ಸಾಲು. ಶೇಕಡ ಬರೆಯಬೇಡಿ. ಓದಲು ಬಾರದ ಮನೆಗೆ ಮಗುವಿನ ಕೈಯಲ್ಲೇ ಓದಿಸಬೇಡಿ, ಹನ್ನೊಂದು ಒಂದಾಗಿ ಬಿಡುತ್ತದೆ! ಪೋಷಕರ ಸಭೆಯಲ್ಲಿ ಒಬ್ಬೊಬ್ಬರಿಗೆ ಬಾಯಲ್ಲೇ ಹೇಳಿ.

ಎರಿಮಣ್ಣು

ಇದೆಲ್ಲಾ ಸರಿ. ಆದ್ರ ದಾನಿಗಳು ಸ್ಟೇಜ್ ಬೇಕು, ಫೋಟೊ ಬೇಕು ಅಂತಾರ. ಚೀಟಿ ಹಂಚೂದಕ್ಕ ಯಾರೂ ರೊಕ್ಕಾ ಕೊಡಂಗಿಲ್ಲ. ಏನಾರ ಒಂದು ಕೊಡಲೇಬೇಕಂದ್ರ ಹೆಂಗ ಕೊಡಬೇಕು, ಅದನ್ನ ಹೇಳ್ರಿ.

ಸೀಮೆಸುಣ್ಣ

ಎರಡು ಬಾಗಿಲು ಇಡಿ. ದಸರಾ ರಜೆಯವರೆಗಿನದು ಮೊದಲ ಅವಧಿ, ಅಲ್ಲಿಂದ ಮುಂದಿನದು ಎರಡನೆಯದು. ಒಂದು ಬಾಗಿಲು: ಎರಡನೇ ಅವಧಿಯಲ್ಲಿ ಶೇ 95. 110 ದಿನ ನಡೆದಿದ್ದರೆ 105 ದಿನ ಬಂದವರೆಲ್ಲ ಒಳಗೆ, ಐದು ದಿನ ಜ್ವರಕ್ಕೆ ಬಿಟ್ಟುಕೊಟ್ಟಂತೆ. ಇನ್ನೊಂದು ಬಾಗಿಲು: ಮೊದಲ ಅವಧಿಯಲ್ಲಿ ತಾನೇ ಬಿಟ್ಟ ದಿನಗಳನ್ನು ಅರ್ಧಕ್ಕೆ ಇಳಿಸಿದವರು. 24 ಬಿಟ್ಟಿದ್ದವನು 12ರೊಳಗೆ ನಿಲ್ಲಿಸಿದರೆ ಅವನಿಗೂ ಅದೇ ಬಹುಮಾನ, ಅದೇ ಗಾತ್ರದ್ದು. ಯಾರು ಯಾವ ಬಾಗಿಲಿಂದ ಬಂದರು ಎಂದು ವೇದಿಕೆಯಲ್ಲಿ ಹೇಳಬಾರದು. ದೀರ್ಘ ಕಾಯಿಲೆಯ ಮಗುವಿಗೆ ಚಿಕಿತ್ಸೆಯ ದಿನ ಕಳೆದು ಲೆಕ್ಕ ಹಾಕಿ. ನಗದು ಬೇಡ.

ತರಗತಿಗೆ ಒಟ್ಟಾಗಿ ಕೊಡುವುದು ಕೇಳಲು ಚೆಂದ, ಆದರೆ ಹುಷಾರಿಲ್ಲದ ಮಗುವಿನ ಮೇಲೆ ಉಳಿದ 17 ಮಂದಿ ಮುಗಿಬೀಳುತ್ತಾರೆ.

ಅಕ್ಕಿಮೂಟೆ

ಎರಡನೇ ಬಾಗಿಲು ಗೊತ್ತಾದ ಮೇಲೆ ಮೊದಲ ಅವಧಿಯಲ್ಲಿ ಬೇಕಂತಲೇ ಚಕ್ಕರ್ ಹೊಡೆದರೆ?

ಎರಿಮಣ್ಣು

ಅಷ್ಟು ಮುಂದಾಲೋಚನೆ ಇದ್ರ ಆ ಹುಡುಗ ಗಣಿತದಾಗೂ ಪಾಸ್ ಆಗತಿದ್ದ ಬಿಡ್ರಿ.

ಅಂಕಿಸಂಖ್ಯೆ

ದಸರಾ ರಜೆ ಮುಗಿದ ಮೇಲೆ ಪ್ರಕಟಿಸಿದರೆ ಆ ಭಯವೂ ಇಲ್ಲ. ಕೊಡುವಾಗ ಆಡುವ ಮಾತಿನ ಮೇಲೂ ಗಮನ ಇರಲಿ. “ಎಲ್ಲರಿಗಿಂತ ಹೆಚ್ಚು ಬಂದೆ” ಎಂದರೆ ಕ್ಯಾಲಿಫೋರ್ನಿಯಾದ ಕಥೆಯೇ. “ನವೆಂಬರ್ ಪೂರ್ತಿ ಬಂದೆ, ಭಿನ್ನರಾಶಿ ಒಂದೂ ತಪ್ಪಲಿಲ್ಲ” ಎಂದು ಕಲಿಕೆಗೆ ಗಂಟು ಹಾಕಿ. ದಿನಾ ಬರುವುದು ಎಲ್ಲರೂ ಮಾಡುವ ಮಾಮೂಲು ಕೆಲಸ ಅನ್ನಿಸಬೇಕು, ಸಾಹಸ ಅನ್ನಿಸಬಾರದು.

ಕರಿಹಲಗೆ

ಕರಡು ಹೀಗೆ ಮಾಡಿದ್ದೇನೆ, ತಿದ್ದಿ. ಹಾಜರಿ ಚೀಟಿ ವರ್ಷಕ್ಕೆ ಮೂರು ಸಲ, 142 ಮಕ್ಕಳಿಗೆ 426 ಚೀಟಿ, ಒಂದು ಹಾಳೆಗೆ ನಾಲ್ಕರಂತೆ 107 ಹಾಳೆ: 300 ರೂಪಾಯಿ. ಬದಲಿ ಸಮವಸ್ತ್ರ 8 ಜೊತೆ: 4,000. ಮಳೆಯಲ್ಲಿ ಅಂಗಿ ಒಣಗಿಲ್ಲ ಎಂದು ಉಳಿಯುವವರು ಮೂರನೇ ತರಗತಿಯೊಳಗೆ ಬಹಳ. ಪ್ಯಾಡ್, ಸೋಪು, ಒಳಉಡುಪು, ಮುಚ್ಚಳದ ಬುಟ್ಟಿ: 1,500. ಸೀಮೆಸುಣ್ಣ ಸರ್ ಹೇಳಿದ ಎರಡು ಬಾಗಿಲಿನ ಬಹುಮಾನ, 60 ಮಕ್ಕಳಿಗೆ 40 ರೂಪಾಯಿಯಂತೆ ನೋಟ್‌ಬುಕ್ಕು, ಪೆನ್ಸಿಲ್ಲು: 2,400. ತೋಟದ ಮನೆಗಳ ಭೇಟಿಗೆ ಆಟೊ ಬಾಡಿಗೆ: 1,800. ಒಟ್ಟು 10,000. ದಾನಿಗಳಿಗೆ ವೇದಿಕೆ ಉಂಟು, ಫೋಟೊ ಉಂಟು.

ಹೊಂಗೆನೆರಳು

ಸಮವಸ್ತ್ರ ಎಂಟೂ ಒಂದೇ ಅಳತೆಯದು ತರಬೇಡಿ. ಒಂದನೇ ತರಗತಿಯದು ಮೂರು, ಮೂರನೆಯದು ಮೂರು, ಐದನೆಯದು ಎರಡು. ಕೊಟ್ಟದ್ದನ್ನು ಒಗೆದು ವಾಪಸ್ ತರಬೇಕೆಂಬ ಷರತ್ತು ಬೇಡ. ತರಲಾಗದೆ ಅದಕ್ಕೂ ಒಂದು ದಿನ ಗೈರಾಗುತ್ತಾರೆ.

ಅಕ್ಕಿಮೂಟೆ

ಶೇಕಡ ಲೆಕ್ಕದಲ್ಲಿ ಒಂದು ತಪ್ಪು ಎಲ್ಲ ಶಾಲೆಯಲ್ಲೂ ಆಗುತ್ತದೆ. ನಡುವರ್ಷದಲ್ಲಿ ಟಿಸಿ ತಂದು ಸೇರಿದ ಮಗುವಿಗೆ ಇಡೀ ಅವಧಿಯ ದಿನಗಳಿಂದ ಭಾಗಿಸಬೇಡಿ. ನಿಮ್ಮಲ್ಲಿ ದಾಖಲಾದ ದಿನದಿಂದ ಶಾಲೆ ನಡೆದ ದಿನಗಳು ಮಾತ್ರ ಛೇದ. ನವೆಂಬರ್ 20ಕ್ಕೆ ಸೇರಿದವಳು 84ರಲ್ಲಿ 81 ದಿನ ಬಂದಿದ್ದರೆ ಶೇ 96. 110ರಿಂದ ಭಾಗಿಸಿದರೆ 74 ಎಂದು ತೋರಿಸುತ್ತದೆ. ಸ್ಥಳೀಯ ರಜೆಗೆ ಬದಲಾಗಿ ನಡೆಸಿದ ದಿನವನ್ನೂ ಒಂದೇ ಸಲ ಎಣಿಸಿ. ರಜೆಯ ದಿನವನ್ನು ಕೆಲಸದ ದಿನದಿಂದ ತೆಗೆಯಲು ಮರೆತರೆ ಎಲ್ಲರಿಗೂ ಒಂದು ಗೈರು ಹೆಚ್ಚಾಗುತ್ತದೆ.

ಕರಿಹಲಗೆ

ಹಾಜರಿ ಪುಸ್ತಕ ತೆರೆದು ಹೋದ ವರ್ಷದ ಅಂಕಿಯ ಮೇಲೆ ಪರೀಕ್ಷೆ ಮಾಡಿ ನೋಡಿದೆ. ಛೇದ ಸರಿಪಡಿಸಿದ ಮೇಲೆ ಮೊದಲ ಬಾಗಿಲಿಗೆ ಮೂವರು ಸೇರಿದರು, ಇಬ್ಬರು ಗುಳೆಯಿಂದ ವಾಪಸ್ ಬಂದವರು. ಎರಡೂ ಬಾಗಿಲಿಂದ ಒಟ್ಟು 64 ಆಗುತ್ತದೆ, 60 ಅಲ್ಲ. ಆಟೊ ಬಾಡಿಗೆಯಲ್ಲಿ 160 ರೂಪಾಯಿ ಕಡಿಮೆ ಮಾಡಿ ಠರಾವಿಗೆ ಹಾಕುತ್ತೇನೆ.